ಮೂರನೇ ತೊಟ್ಟಿಯ ಮರಿಗಳು

ಮನೆಯಲ್ಲಿ ಅತ್ತೆ ಹೇಳಿದ್ದೇ ನಡೆಯಬೇಕು, ಮೀನುಮರಿ ಕೇಂದ್ರದಲ್ಲಿ ನಾನು ಹೇಳಿದ್ದು. ಅಲ್ಲಿ ನಾನು ಉಸ್ತುವಾರಿ, ಅವರು ತೊಟ್ಟಿ ತೊಳೆಯುವವರು. ಅವರು ಇಪ್ಪತ್ತು ವರ್ಷದಿಂದ ತೊಳೆಯುತ್ತಿದ್ದಾರೆ, ನಾನು ಬಂದು ಮೂರು ವರ್ಷ. ನಮ್ಮ ಜಗಳ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ.

ಈ ಸಲ ಕೆರೆಯಲ್ಲಿ ಬಲೆಗೆ ಬಿದ್ದದ್ದು ಒಂದೇ ಒಂದು ತಾಯಿಮೀನು. ಆ ಜಾತಿಯೇ ಮುಗಿಯುತ್ತ ಬಂದಿತ್ತು. ಇದರ ಮೊಟ್ಟೆಯೂ ಕೆಟ್ಟರೆ ಮುಂದಿನ ವರ್ಷ ಬಲೆ ಬೀಸುವುದೇ ದಂಡ. ಅಷ್ಟರಲ್ಲಿ ಕೆರೆಯ ಮೇಲೆ ಬಣ್ಣ ಚೆಲ್ಲಿದಂತೆ ಹಸಿರು ಪಾಚಿ ಎದ್ದಿತು. ನಮ್ಮ ಕೊಳಕ್ಕೆ ನೀರು ಬರುವುದೇ ಅಲ್ಲಿಂದ. ನಾನು ಕೊಳಕ್ಕೆ ಪಾಚಿ ಸಾಯುವ ಔಷಧಿ ಹಾಕಿಸಿದೆ. ಎರಡೇ ದಿನದಲ್ಲಿ ನೀರು ತಿಳಿಯಾಯಿತು, ನಾನೂ ಬೀಗಿದೆ. ಮೊಟ್ಟೆಗಳನ್ನು ಮೂರು ತೊಟ್ಟಿಗೆ ಹಂಚಿ, ಮೂರಕ್ಕೂ ಅದೇ ನೀರು ಬಿಡಿ ಅಂದೆ.

"ಕೊಳದ ಬಸವನಹುಳುಗಳೆಲ್ಲ ನೀರು ಬಿಟ್ಟು ಗೋಡೆ ಹತ್ತಿ ಕೂತಿವೆ ಕಣೇ," ಅಂದರು ಅತ್ತೆ. "ಈ ನೀರು ಬೇಡ. ಬಾವಿದು ಹಾಕೋಣ."

"ಬಸವನಹುಳು ಯಾವ ಡಿಗ್ರಿ ಮಾಡಿದೆ ಅತ್ತೆ? ಹೇಳಿದಷ್ಟು ಮಾಡಿ."

ಎಲ್ಲರ ಎದುರೇ ಅಂದುಬಿಟ್ಟೆ. ಅತ್ತೆ ಪೊರಕೆ ಎತ್ತಿಕೊಂಡು ತೊಟ್ಟಿಯತ್ತ ನಡೆದರು. ಅವರು ಸುಮ್ಮನಿದ್ದರೆ ಒಪ್ಪಿದ್ದಾರೆ ಅಂದುಕೊಳ್ಳುವ ಪೆದ್ದಿ ನಾನೊಬ್ಬಳೇ.

ಮೊಟ್ಟೆ ಒಡೆದ ಮೇಲೆ ಮರಿಗಳನ್ನು ಬಿಳಿ ತಟ್ಟೆಗೆ ತೆಗೆದು ನೋಡಿದೆ. ಮೊದಲ ತೊಟ್ಟಿಯವು ಬೆನ್ನು ಕೊಕ್ಕೆಯಂತೆ ಬಾಗಿ, ಎದೆ ಊದಿ, ಇದ್ದಲ್ಲೇ ಗಿರಕಿ ಹೊಡೆಯುತ್ತಿದ್ದವು. ಎರಡನೆಯದರಲ್ಲೂ ಅದೇ ಗತಿ. ಆಗ ಓದಿದ್ದು ನೆನಪಾಯಿತು. ಇಂಥ ಪಾಚಿ ಸಾಯುವಾಗ ಒಡಲೊಳಗಿನ ವಿಷವನ್ನೆಲ್ಲ ನೀರಿಗೆ ಬಿಡುತ್ತದೆ. ತಿಳಿನೀರು ಕಂಡು ಮರುಳಾಗಿ ಅದೇ ವಿಷವನ್ನು ಮೊಟ್ಟೆಗೆ ಕುಡಿಸಿದ್ದೆ.

ಮೂರನೇ ತೊಟ್ಟಿಯ ತಟ್ಟೆ ನೋಡಲು ಧೈರ್ಯವೇ ಬರಲಿಲ್ಲ. ನೋಡಿದರೆ, ಸೂಜಿಯಂತೆ ನೆಟ್ಟಗಿರುವ ಮರಿಗಳು! ತೊಟ್ಟಿಯ ಪಕ್ಕದಲ್ಲಿ ಬಾವಿಯ ಒದ್ದೆ ಹಗ್ಗ, ಕೊಡ. ಹಿಂದೆ ನಿಂತಿದ್ದ ಅತ್ತೆಯ ಅಂಗೈ ಹಿಡಿದು ತಿರುಗಿಸಿದೆ. ಹಗ್ಗ ಉಜ್ಜಿ ಚರ್ಮ ಸುಲಿದಿತ್ತು.

"ಮೂರಕ್ಕೂ ಸೇದೋಣ ಅಂದ್ಕೊಂಡಿದ್ದೆ," ಅಂದರು, ತಪ್ಪು ಮಾಡಿದವರ ಹಾಗೆ. "ಒಂದಕ್ಕೇ ಸೊಂಟ ಬಿದ್ದುಹೋಯ್ತು."

ಅಲ್ಲೇ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. "ಬಿಡೇ, ಮೈಯೆಲ್ಲ ಪಾಚಿ," ಎಂದು ಬೈದರೂ ಅವರು ಬಿಡಿಸಿಕೊಳ್ಳಲಿಲ್ಲ.

ಮಧ್ಯಾಹ್ನ ನಿರ್ದೇಶಕರು ಬಂದರು. ಎರಡು ತೊಟ್ಟಿ ನೋಡಿ ಮುಖ ಗಂಟಿಕ್ಕಿದವರು ಮೂರನೆಯದರ ಮುಂದೆ ನಿಂತು ಪಕ್ಕದ ಹಗ್ಗ, ಕೊಡ ನೋಡಿದರು. "ಇದಕ್ಕೆ ಬಾವಿ ನೀರು ಹಾಕಿಸಿದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ಇವಳೇ ಸಾರ್. ಒಂದಾದ್ರೂ ಬೇರೆ ಇರ್ಲಿ ಅಂತ ಹೇಳಿದ್ಲು."

ನಿರ್ದೇಶಕರು ಮೆಚ್ಚಿ ತಲೆಯಾಡಿಸಿದರು. ಒಂದು ಗಳಿಗೆ ಸುಮ್ಮನಿದ್ದರೆ ಸಾಕಿತ್ತು, ನನ್ನ ಕೆಲಸ ಉಳಿಯುತ್ತಿತ್ತು.

"ಸುಳ್ಳು ಸಾರ್," ಅಂದೆ. "ಕೆಟ್ಟ ನೀರು ಬಿಡಿಸಿದ್ದು ನಾನು. ಇವರು ಬೇಡ ಅಂದಾಗ ಎಲ್ಲರ ಮುಂದೆ ಗದರಿದ್ದೆ. ನಮ್ಮತ್ತೆ ನನ್ನ ಮಾತು ಕೇಳಲಿಲ್ಲ. ಅದಕ್ಕೇ ಈ ಮರಿಗಳು ಬದುಕಿವೆ."