ಇಪ್ಪತ್ತೊಂದು ಸೆಕೆಂಡು

೧೯೮೬ನೇ ಇಸವಿ ಸೆಪ್ಟೆಂಬರ್ ೧೮, ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಚರ್ಚಿನ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಅವಳು ಹದಿನೆಂಟು ಬ್ಯಾಂಡೇಜ್ ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ ಅಳೆದು ಮುಗಿಸಿದಳು. ಅತಿ ಉದ್ದದ್ದು ಎರಡು ಮೀಟರ್ ಐವತ್ತೆರಡು ಸೆಂಟಿಮೀಟರ್, ಅತಿ ಗಿಡ್ಡದ್ದು ಎರಡು ಮೂವತ್ತೊಂದು. ಇರಬೇಕಾದದ್ದು ನಾಲ್ಕು ಮೀಟರ್.

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹದಿನೇಳು ವರ್ಷದಿಂದ ಲೋಲಕದ ತೂಗಾಟ ಎಣಿಸುವುದನ್ನು ಕಲಿಸುತ್ತಿದ್ದವಳು ಅವಳು. ಅದಕ್ಕೇ ಸಭಾಪಾಲಕರು ಮಿಷನ್ ಆಸ್ಪತ್ರೆಯಿಂದ ಬಂದ ಕಾಗದವನ್ನು ಬೇರೆ ಯಾರಿಗೂ ಕೊಡದೆ ಅವಳ ಕೈಗಿಟ್ಟಿದ್ದರು. ಅಲ್ಲಿನ ನರ್ಸುಗಳ ಮೇಲಧಿಕಾರಿ, ಹೊಸ ಮೇಟ್ರನ್, ಕಡ್ಡಿ ಮುರಿದಂತೆ ಬರೆದಿದ್ದಳು: ಒಂದು ವರ್ಷದಿಂದ ನಿಮ್ಮ ಬ್ಯಾಂಡೇಜುಗಳು ಒಂದು ಕಾಲಿಗೂ ಸಾಲುತ್ತಿಲ್ಲ. ಈ ತಿಂಗಳ ಗಂಟಿನಲ್ಲೂ ಹೀಗೇ ಆದರೆ ಕಾರ್ಖಾನೆಯದನ್ನೇ ತರಿಸಿಕೊಳ್ಳುತ್ತೇವೆ. ಇಷ್ಟು ವರ್ಷ ಸೇವೆ ಮಾಡಿದ ಸಹೋದರಿಯರು ಇನ್ನು ವಿಶ್ರಾಂತಿ ಪಡೆಯಬಹುದು.

ವಿಶ್ರಾಂತಿ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕೋಣೆಗೆ ಬೀಗ ಬೀಳುತ್ತದೆ, ಮುರಿದ ಬೆಂಚುಗಳು ಒಳಗೆ ಬರುತ್ತವೆ, ಐದು ಜನ ಹೆಂಗಸರಿಗೆ ಗುರುವಾರ ಎಂಬುದೇ ಇಲ್ಲವಾಗುತ್ತದೆ. ಅವಳಿಗೂ ಅಷ್ಟೆ. ಅವಳ ಬಾಲ್ಯ ಕಳೆದದ್ದು ಇದೇ ಮೇಜಿನ ಕೆಳಗೆ. ಕುದಿಸಿ ಒಣಗಿಸಿದ ಹಳೇ ಹಾಸಿಗೆ ಬಟ್ಟೆಯ ವಾಸನೆ, ಸರ್ರನೆ ಪಟ್ಟಿ ಹರಿಯುವ ಸದ್ದು, ಸುತ್ತುವ ಯಂತ್ರದ ಕಿರಕಿರ, ಇವೆಲ್ಲದರ ಮೇಲಿನಿಂದ ಇಳಿದು ಬರುತ್ತಿದ್ದ ಅಮ್ಮನ ದನಿ. ಮೂವತ್ತೊಂದು ವರ್ಷ ಈ ಕೋಣೆಯಲ್ಲಿ ಓದಿದವಳು ಅಮ್ಮ. ಹೋದ ವರ್ಷ ಜುಲೈಯಲ್ಲಿ ತೀರಿಕೊಂಡಳು.

ಆ ಕೋಣೆಯ ಪದ್ಧತಿ ಹೀಗೆ. ಮೊದಲು ಸತ್ಯವೇದದ ಒಂದು ಅಧ್ಯಾಯ. ಆಮೇಲೆ ಒಂದು ಸುರುಳಿಗೆ ಒಂದು ಪ್ರಾರ್ಥನೆ. ಪ್ರಾರ್ಥನೆ ಶುರುವಾದಾಗ ದೊಡ್ಡಮ್ಮ ಯಂತ್ರದ ಹಿಡಿ ತಿರುಗಿಸಲು ಶುರುಮಾಡಬೇಕು, ಆಮೆನ್ ಎಂದ ಕೂಡಲೇ ಕತ್ತರಿ ಅತ್ತೆ ಬಟ್ಟೆ ಕತ್ತರಿಸಬೇಕು. ಅಳತೆಪಟ್ಟಿ ಆ ಕೋಣೆಗೆ ಅವತ್ತಿನವರೆಗೂ ಬಂದಿರಲಿಲ್ಲ. ಆಸ್ಪತ್ರೆಯ ಮೊದಲನೆಯ ವೈದ್ಯರ ಹೆಂಡತಿ ಪ್ರಾರ್ಥನೆಯನ್ನು ರಟ್ಟಿನ ಮೇಲೆ ಬರೆದಿಟ್ಟಿದ್ದಳಂತೆ. ಆ ರಟ್ಟು ಕೈಯಿಂದ ಕೈಗೆ ಬಂದು ಅಂಚೆಲ್ಲ ಮೆತ್ತಗಾಗಿತ್ತು.

“ಆ ಮೇಟ್ರನ್ನು ಬಟ್ಟೆ ಕದ್ದಿದ್ದೀವಿ ಅಂತ ಬರೆದಿದ್ದಾಳಾ?” ದೊಡ್ಡಮ್ಮ ಕೇಳಿದಳು.

“ಇಲ್ಲ ದೊಡ್ಡಮ್ಮ, ಗಿಡ್ಡ ಅಂತ ಅಷ್ಟೆ.”

“ನಾನೂ ಗಿಡ್ಡ. ನನ್ನನ್ನ ಯಾರಾದ್ರೂ ವಾಪಸ್ ಕಳಿಸಿದ್ರಾ?”

“ಮದುವೆ ದಿನಾನೇ ಕಳಿಸೋಣ ಅಂತಿದ್ರಂತೆ. ಬಸ್ ಹೋಗ್ಬಿಟ್ಟಿತ್ತು,” ಎಂದಳು ಟ್ರಂಕ್‌ಕಾಲ್ ಅಕ್ಕ. ಪಟ್ಟಿ ಹರಿಯುತ್ತಿದ್ದ ಅಕ್ಕತಂಗಿಯರಿಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು.

ಟ್ರಂಕ್‌ಕಾಲ್ ಅಕ್ಕ ದೂರವಾಣಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದೂರದೂರಿನ ಕರೆಗಳಿಗೆ ತಂತಿ ಜೋಡಿಸಿ ನಿವೃತ್ತಳಾದವಳು. ಅಮ್ಮ ಹೋದ ಮೇಲೆ ಓದುವ ಸ್ಟೂಲು ಅವಳದಾಗಿತ್ತು. ಗಂಟಲು ಗಂಟೆಯ ಹಾಗೆ, ಒಂದಕ್ಷರ ತಪ್ಪುತ್ತಿರಲಿಲ್ಲ.

ಮಗಳು ಬೀರುವಿನ ತಳದಿಂದ ಅಮ್ಮನ ಕಾಲದ್ದೊಂದು ಸುರುಳಿ ಹುಡುಕಿ ಅಳೆದಳು. ನಾಲ್ಕು ಮೀಟರ್ ಎರಡು ಸೆಂಟಿಮೀಟರ್. ಆಮೇಲೆ ಬಟ್ಟೆಯ ಮೇಲೆ ನಾಲ್ಕು ಮೀಟರಿಗೆ ಪೆನ್ಸಿಲ್ ಗುರುತು ಹಾಕಿ, ಪ್ರಯೋಗಾಲಯದಿಂದ ತಂದಿದ್ದ, ಗುಂಡಿ ಒತ್ತಿ ಓಡಿಸಿ ನಿಲ್ಲಿಸುವ ಗಡಿಯಾರ ಹಿಡಿದು, “ದೊಡ್ಡಮ್ಮ, ಯಾವತ್ತಿನ ಹಾಗೇ ತಿರುಗಿಸು” ಎಂದಳು. ಗುರುತು ಬರುವಷ್ಟರಲ್ಲಿ ಅರವತ್ತೆಂಟು ಸೆಕೆಂಡು. ಮೂರು ಸಲ ಮಾಡಿಸಿದಳು. ಮೂರು ಸಲವೂ ಅಷ್ಟೇ. ಎಪ್ಪತ್ತೆರಡರ ದೊಡ್ಡಮ್ಮನ ಕೈ ಲೋಲಕಕ್ಕಿಂತ ನಿಯತ್ತಿನದು. ಟ್ರಂಕ್‌ಕಾಲ್ ಅಕ್ಕನ ಪ್ರಾರ್ಥನೆಗೆ ಹಿಡಿದದ್ದು ನಲವತ್ತೇಳು.

ಇಪ್ಪತ್ತೊಂದು ಸೆಕೆಂಡು ಎಲ್ಲೋ ಕಳೆದುಹೋಗಿತ್ತು. ಸುರುಳಿ ದಪ್ಪವಾದಂತೆಲ್ಲ ಒಂದೊಂದು ಸುತ್ತೂ ಹೆಚ್ಚು ಬಟ್ಟೆ ನುಂಗುತ್ತದೆ; ಆದ್ದರಿಂದ ಕೊನೆಯ ಆ ಇಪ್ಪತ್ತೊಂದು ಸೆಕೆಂಡಿನಲ್ಲೇ ಒಂದೂವರೆ ಮೀಟರ್ ಹೋಗುತ್ತಿತ್ತು.

“ಅಂದ್ರೆ ನಾನು ಓಡಿಸ್ತೀನಿ ಅಂತ,” ಟ್ರಂಕ್‌ಕಾಲ್ ಅಕ್ಕನ ಮುಖ ಸಣ್ಣದಾಯಿತು. “ಆಯ್ತು, ನಿಧಾನ ಓದ್ತೀನಿ ಬಿಡಮ್ಮ.”

ಓದಿದಳು. ಒಂದೊಂದು ಪದವನ್ನೂ ಜಗ್ಗಿ ಜಗ್ಗಿ ಎಳೆದರೂ ಐವತ್ತೈದು ಸೆಕೆಂಡು ದಾಟಲಿಲ್ಲ. ಅಕ್ಕತಂಗಿಯರಲ್ಲಿ ಚಿಕ್ಕವಳು ಆಕಳಿಸಿದಳು.

“ಅಯ್ಯೋ ಸಾಕು ನಿಲ್ಸೇ,” ಎಂದಳು ದೊಡ್ಡಮ್ಮ. “ಹೀಗೆ ಓದಿದ್ರೆ ನೀನು ಆಮೆನ್ ಅನ್ನೋದ್ರೊಳಗೆ ರೋಗಿ ವಾಸಿಯಾಗಿ ಮನೆಗೆ ಹೋಗಿರ್ತಾನೆ.”

ಕೊನೆಗೆ ಅವಳು ಸುಲಭದ ದಾರಿ ಹಿಡಿದಳು. ಮುಂದಿನ ಗುರುವಾರ ಬೇಗ ಬಂದು ಕೋಣೆಯುದ್ದದ ಮೇಜಿನ ಅಂಚಿಗೆ ಅಳತೆಪಟ್ಟಿ ಅಂಟಿಸಿದಳು. ನಾಲ್ಕು ಮೀಟರಿಗೆ ಎಲ್ಲರಿಗೂ ಕಾಣುವಂತೆ ಕೆಂಪು ಗೆರೆ. ಮೊದಲೇ ಅಳೆದು ಕತ್ತರಿಸಿ, ಆಮೇಲೆ ಸುತ್ತಿದರಾಯಿತು. ಸುರುಳಿಗಳೂ ಕರಾರುವಾಕ್ಕಾಗಿ ಬಂದವು. ಆದರೆ ಆಮೆನ್ ಆದ ಮೇಲೂ ಯಂತ್ರ ತಿರುಗುತ್ತಲೇ ಇತ್ತು. ಪ್ರತಿ ಸಲವೂ ಎಲ್ಲರೂ ಕಣ್ಣು ತೆರೆದು, ಬಟ್ಟೆ ಯಾವಾಗ ಮುಗಿಯುತ್ತದೋ ಎಂದು ನೋಡುತ್ತ ಕೂರಬೇಕಾಗಿತ್ತು. ಒಂಬತ್ತನೆಯ ಸುರುಳಿಗೆ ಯಾರೂ ಪ್ರಾರ್ಥನೆಗೆ ದನಿಗೂಡಿಸಲಿಲ್ಲ.

“ಗಿರಣಿ ಕೆಲಸಕ್ಕೆ ಬಂದ ಹಾಗಿದೆ,” ಎಂದಳು ಅಕ್ಕತಂಗಿಯರಲ್ಲಿ ದೊಡ್ಡವಳು, ಚೀಲ ಮಡಿಸುತ್ತ. “ನಮಗೆ ಮುಂದಿನ ವಾರ ಆಗುತ್ತೋ ಇಲ್ವೋ ಮಗಳೇ. ಮನೇಲಿ ಕೆಲಸ.”

ಮನೆಯಲ್ಲಿ ಅವರಿಗೆ ಅಂಥ ಕೆಲಸವೇನೂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅವಳು ಮೇಜಿನ ಮೇಲಿನ ಕೆಂಪು ಗೆರೆ ನೋಡಿದಳು. ಮೇಟ್ರನ್ ಮುಚ್ಚಬೇಕೆಂದಿದ್ದ ಕೋಣೆಯನ್ನು ತನ್ನ ಅಳತೆಪಟ್ಟಿಯೇ ಒಂದು ವಾರ ಮುಂಚೆ ಮುಚ್ಚುತ್ತಿದೆ.

“ಹಾಗಾದ್ರೆ ಅಮ್ಮ ಇದ್ದಾಗ ಹೇಗೆ ಸರಿ ಬರ್ತಿತ್ತು?” ಯಾರನ್ನೂ ಕೇಳದೆ, ಎಲ್ಲರನ್ನೂ ಕೇಳಿದಳು. ದನಿ ಸ್ವಲ್ಪ ಜೋರಾಯಿತು. “ಇದೇ ರಟ್ಟು, ಇದೇ ಯಂತ್ರ, ಇದೇ ಕೈ!”

ಉತ್ತರ ಬಂದದ್ದು ಯಾರೂ ಎಣಿಸದ ಮೂಲೆಯಿಂದ. ಕತ್ತರಿ ಅತ್ತೆಗೆ ಚಿಕ್ಕ ವಯಸ್ಸಿನಲ್ಲೇ ಜ್ವರ ಬಂದು ಕಿವಿ ಹೋಗಿತ್ತು. ಮಾತೆಲ್ಲ ಅವಳಿಗೆ ತುಟಿಯಲ್ಲೇ. ಆಮೆನ್ ಎಂಬುದನ್ನೂ ಓದುವವರ ತುಟಿ ನೋಡಿಯೇ ಕತ್ತರಿಸುತ್ತಿದ್ದಳು.

“ನಿಮ್ಮಮ್ಮ ಮಧ್ಯದಲ್ಲಿ ಬಾಯಿ ಮುಚ್ತಿದ್ಲು,” ಎಂದಳು, ಕಿವುಡರ ದೊಡ್ಡ ದನಿಯಲ್ಲಿ. “ಇವಳು ಮುಚ್ಚಲ್ಲ.”

ಎಲ್ಲರೂ ಅವಳತ್ತ ತಿರುಗಿದರು.

“ಅದು ಉಬ್ಬಸ ಕಣೇ!” ದೊಡ್ಡಮ್ಮ ಅವಳ ಕಡೆ ಮುಖ ಮಾಡಿ ಬಾಯಿ ಅಗಲಿಸಿ ಹೇಳಿದಳು. “ಪಾಪ, ಉಸಿರು ತಗೊಳ್ತಿದ್ಲು. ನಾವೆಲ್ಲ ಸುಮ್ನೆ ಕಾಯ್ತಿದ್ವಿ.”

“ಯಾವ ಉಬ್ಬಸ? ಉಬ್ಬಸದೋರು ಬಾಯಿ ತೆರೀತಾರೆ. ಅವಳು ಮುಚ್ತಿದ್ಲು. ಮುಚ್ಚಿ ಅಲ್ಲಿ ನೋಡ್ತಿದ್ಲು.” ಕತ್ತರಿಯ ತುದಿ ಎದುರು ಗೋಡೆಯತ್ತ ಚಾಚಿತು. “ಮೇಲಿಂದ ಕೆಳಗೆ. ಒಂದೊಂದೇ ಸಾಲು. ಪ್ರತಿ ಸುರುಳಿಗೂ. ಅಷ್ಟರಲ್ಲಿ ನಾನು ಕತ್ತರಿ ಒರೆಸ್ಕೋತಿದ್ದೆ.”

ಗೋಡೆಯ ಮೇಲೆ ಆಸ್ಪತ್ರೆಯಿಂದ ತಿಂಗಳಿಗೊಮ್ಮೆ ಬರುವ ಹಾಳೆ ಇತ್ತು. ರೋಗಿಗಳ ಹೆಸರಿಲ್ಲ, ಹಾಸಿಗೆಯ ಸಂಖ್ಯೆ, ಗಾಯದ ಜಾಗ, ಅಷ್ಟೆ. ಅಮ್ಮ ಹೋದ ಮೇಲೂ ಹಾಳೆ ಬರುತ್ತಿತ್ತು, ದೊಡ್ಡಮ್ಮ ಹಳೆಯದರ ಮೇಲೆ ಹೊಸದನ್ನು ಚುಚ್ಚುತ್ತಿದ್ದಳು. ಓದಿದವರು ಯಾರೂ ಇಲ್ಲ.

“ಯಾವ ಮಾತಾದ ಮೇಲೆ ಮುಚ್ತಿದ್ಲು ಅತ್ತೆ?” ಅವಳು ತುಟಿ ಸ್ಪಷ್ಟವಾಗಿ ಕಾಣುವಂತೆ ಕೇಳಿದಳು.

“‘ನೀನು ಬಲ್ಲೆ.’”

ರಟ್ಟು ನೋಡಿದಳು. ಕರ್ತನೇ, ನಾವು ಕಂಡಿಲ್ಲದವರಿಗಾಗಿ ಈ ಬಟ್ಟೆ ಸುತ್ತುತ್ತಿದ್ದೇವೆ. ಇದನ್ನು ಕಟ್ಟಿಕೊಳ್ಳುವವರನ್ನು ನೀನು ಬಲ್ಲೆ. ಅಲ್ಲಿ ಒಂದು ಬೆರಳಿನಷ್ಟು ಜಾಗ ಖಾಲಿ ಬಿಟ್ಟು ಮುಂದಿನ ಸಾಲು ಶುರುವಾಗಿತ್ತು. ಆ ಖಾಲಿ ಜಾಗವನ್ನು ಎಲ್ಲರೂ ಬರೆದವಳ ಕೈಬರಹದ ಸೊಟ್ಟ ಎಂದುಕೊಂಡಿದ್ದರು.

ಟ್ರಂಕ್‌ಕಾಲ್ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ನಾನು ಬೇಕೂಂತ ಬಿಟ್ಟಿದ್ದಲ್ಲ ಕಣಮ್ಮ. ಆ ಉಬ್ಬಸ ನನಗಿಲ್ಲವಲ್ಲ, ನಿಲ್ಲೋದ್ಯಾಕೆ ಅಂದ್ಕೊಂಡೆ. ಅಲ್ದೆ ನಮ್ಮ ಕೆಲಸದಲ್ಲಿ ಲೈನಲ್ಲಿ ಸುಮ್ಮನಾದ್ರೆ ಕಟ್ಟಾಯ್ತು ಅಂದ್ಕೋತಾರೆ.”

“ದೇವರ ಲೈನು ಕಟ್ಟಾಗಲ್ಲ, ಓದು,” ಎಂದಳು ದೊಡ್ಡಮ್ಮ. ಅವಳ ಕೈ ಆಗಲೇ ಹಿಡಿಯ ಮೇಲಿತ್ತು.

ಅಕ್ಕತಂಗಿಯರು ಚೀಲ ಹಿಡಿದು ಬಾಗಿಲಲ್ಲೇ ನಿಂತರು. ಅಳತೆಪಟ್ಟಿಯ ಮೇಲೆ ಅವಳು ಒಂದು ಹಾಸಿಗೆ ಬಟ್ಟೆ ಹರಡಿ ಮುಚ್ಚಿದಳು. ಗಡಿಯಾರ ಮಾತ್ರ ಕೈಯಲ್ಲಿತ್ತು.

ಮೊದಲ ಸಲ ಟ್ರಂಕ್‌ಕಾಲ್ ಅಕ್ಕ “ನೀನು ಬಲ್ಲೆ” ಎಂದು ನಿಲ್ಲಿಸಿ, ಒಂಬತ್ತನೆಯ ಸೆಕೆಂಡಿಗೆ ಕೈ ಹಿಸುಕಿಕೊಂಡು, “ಹಲೋ ಅಂದ್ಬಿಡ್ತೀನೇನೋ ಅನ್ಸುತ್ತೆ ಕಣ್ರೇ” ಎಂದು ಬಿಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿದ್ದವರು ಚೀಲ ಕೆಳಗಿಟ್ಟು ಬಂದು ಕೂತರು.

“ಎಣಿಸ್ಬೇಡ,” ಕತ್ತರಿ ಅತ್ತೆ ಗೋಡೆಯ ಹಾಳೆಯತ್ತ ತೋರಿಸಿ ಹೇಳಿದಳು. “ಅಲ್ಲಿ ಓದು. ಬಾಯಲ್ಲಲ್ಲ.”

ಎರಡನೆಯ ಸಲ. ಕರ್ತನೇ, ನಾವು ಕಂಡಿಲ್ಲದವರಿಗಾಗಿ. ಅವಳು ಗಡಿಯಾರದ ಗುಂಡಿ ಒತ್ತಿದಳು. ಇದನ್ನು ಕಟ್ಟಿಕೊಳ್ಳುವವರನ್ನು ನೀನು ಬಲ್ಲೆ. ದನಿ ನಿಂತಿತು. ಯಂತ್ರದ ಕಿರಕಿರ ಮಾತ್ರ ಉಳಿಯಿತು, ಮೇಜಿನ ಕೆಳಗೆ ಕೂತು ಕೇಳುತ್ತಿದ್ದ ಅದೇ ಕಿರಕಿರ. ಚಿಕ್ಕವಳಿದ್ದಾಗ ಅವಳಿಗೆ ಅದು ಅಮ್ಮ ತನ್ನನ್ನು ಮರೆತುಬಿಟ್ಟ ಹೊತ್ತು ಅನಿಸುತ್ತಿತ್ತು. ಹೆದರಿ ಅಮ್ಮನ ಸೀರೆಯ ಅಂಚು ಹಿಡಿದುಕೊಳ್ಳುತ್ತಿದ್ದಳು. ಅಮ್ಮ ಕೈ ಕೆಳಗಿಳಿಸಿ ಅವಳ ನೆತ್ತಿ ಮುಟ್ಟುತ್ತಿದ್ದಳೇ ಹೊರತು ಒಂದು ಮಾತೂ ಆಡುತ್ತಿರಲಿಲ್ಲ.

ಅವಳ ಕಣ್ಣು ಗೋಡೆಗೆ ಹೋಯಿತು. ಹಾಸಿಗೆ ಒಂದು, ಎಡಗಾಲು. ಹಾಸಿಗೆ ಎರಡು, ಬಲ ಮೊಣಕೈ. ಹಾಸಿಗೆ ಮೂರು, ಎರಡೂ ಅಂಗೈ, ಸುಟ್ಟಿದ್ದು. ಎರಡೂ ಅಂಗೈ ಸುಟ್ಟವರು ನೀರು ಹೇಗೆ ಕುಡಿಯುತ್ತಾರೆ? ಹಾಸಿಗೆ ಏಳು, ಎಡಗಾಲು, ಎರಡನೆಯ ಸಲ. ಹಾಸಿಗೆ ಹನ್ನೆರಡು, ತಲೆ, ಮಗು. ಇಪ್ಪತ್ತನೆಯ ಸಾಲಿಗೆ ಬಂದಾಗ ಪಕ್ಕದಿಂದ ದನಿ ಮತ್ತೆ ಶುರುವಾಯಿತು, ಮೊದಲಿಗಿಂತ ತಗ್ಗಿ, ಸ್ವಲ್ಪ ಒದ್ದೆಯಾಗಿ. ಅಕ್ಕತಂಗಿಯರು ದನಿಗೂಡಿಸಿದರು. ಆಮೆನ್. ಕತ್ತರಿ ಕಚ್ಚೆಂದಿತು.

“ಎಷ್ಟಾಯ್ತು?” ದೊಡ್ಡಮ್ಮ ಕೇಳಿದಳು.

ಅವಳು ಕೈಯಲ್ಲಿದ್ದ ಗಡಿಯಾರ ನೋಡಿದಳು. ಮುಳ್ಳು ಇನ್ನೂ ಓಡುತ್ತಿತ್ತು. ಹದಿನೇಳು ವರ್ಷದಲ್ಲಿ ಮೊದಲ ಸಲ ನಿಲ್ಲಿಸಲು ಮರೆತಿದ್ದಳು.

“ಗೊತ್ತಿಲ್ಲ ದೊಡ್ಡಮ್ಮ.”

“ಚೆನ್ನಾಗಿದೆ. ಮೇಷ್ಟ್ರೇ ಫೇಲು.”

ಮುಚ್ಚಿದ್ದ ಬಟ್ಟೆ ಸರಿಸಿ, ಅವಳು ಸುರುಳಿಯನ್ನು ಅಳತೆಪಟ್ಟಿಯ ಉದ್ದಕ್ಕೂ ಬಿಚ್ಚಿ ಹಾಸಿದಳು. ಸುಕ್ಕಿಲ್ಲದಂತೆ ಅಂಗೈಯಲ್ಲಿ ಸವರುತ್ತ ಹೋದಳು; ಐದು ತಲೆಗಳು ಮೇಜಿನ ಮೇಲೆ ಬಾಗಿದವು. ನಾಲ್ಕು ಮೀಟರ್ ಮೂರು ಸೆಂಟಿಮೀಟರ್.