ಅರ್ಜಿ ತುಂಬುವ ಶನಿವಾರ

"ನನ್ನನ್ನ ಒಂದು ಮಾತು ಕೇಳದೆ ಇದನ್ನ ಹೇಗೆ ಬರೆದ್ರಿ?" ಎಂದರು ನಿವೃತ್ತ ಗುಮಾಸ್ತರು, ಗ್ರಂಥಾಲಯದ ಬಾಗಿಲಲ್ಲಿದ್ದ ಕರಿಹಲಗೆಯ ಮುಂದೆ ಕಂಬದಂತೆ ನಿಂತು.

ಹಲಗೆಯ ಮೇಲೆ ಬರುವ ತಿಂಗಳ ಕಾರ್ಯಕ್ರಮಗಳಿದ್ದವು. ಮೊದಲ ಶನಿವಾರ, ಹರಿದ ಪುಸ್ತಕಕ್ಕೆ ಹೊಲಿಗೆ ಹಾಕುವುದು. ಎರಡನೆಯ ಶನಿವಾರ, ಸೈಕಲ್ ಅಂಗಡಿಯವನಿಂದ ಪಂಕ್ಚರ್ ಪಾಠ. ಮೂರನೆಯದರ ಎದುರಿಗೆ ದುಂಡಗಿನ ಅಕ್ಷರದಲ್ಲಿ: "ಅರ್ಜಿ ತುಂಬುವ ಬಗೆ. ಹೇಳಿಕೊಡುವವರು ನೀರು ಸರಬರಾಜು ಕಚೇರಿಯ ನಿವೃತ್ತ ಗುಮಾಸ್ತರು."

"ಕೇಳಿದ್ರೆ ಆಗಲ್ಲ ಅಂತಿದ್ರಿ," ಎಂದಳು ಗ್ರಂಥಪಾಲಕಿ, ಸ್ಟೂಲಿನಿಂದಿಳಿದು ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತ.

ಹದಿನೈದು ದಿನದ ಹಿಂದೆ ಸದಸ್ಯರಾಗಲು ಬಂದಿದ್ದ ಗುಮಾಸ್ತರು, ಫಾರಂ ತುಂಬುವ ಬದಲು ಫಾರಂನಲ್ಲೇ ಐದು ತಪ್ಪು ಹುಡುಕಿ ಪೆನ್ಸಿಲಿನಿಂದ ಸುತ್ತು ಹಾಕಿ ಕೊಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ಮುಖ ಗಂಟಿಕ್ಕುತ್ತಿದ್ದರು. ಅವಳು ಎರಡೇ ದಿನದಲ್ಲಿ ಹೊಸ ಫಾರಂ ಅಚ್ಚು ಹಾಕಿಸಿ, ಮೊದಲ ಪ್ರತಿಯನ್ನು ಅವರ ಕೈಗೇ ಕೊಟ್ಟಳು. ಅವಳ ಕಣ್ಣೇ ಅಂಥದ್ದು. ಎರಡು ಕೋಣೆ, ನಲವತ್ತು ಕುರ್ಚಿ, ಒಂದು ಕಿರುಗುಡುವ ಫ್ಯಾನು. ಅಷ್ಟನ್ನೇ ಇಟ್ಟುಕೊಂಡು ನಾಲ್ಕು ವರ್ಷದಲ್ಲಿ ಊರಿನ ಬೀಗ ರಿಪೇರಿಯವನನ್ನೂ, ಹೆರಿಗೆ ಮಾಡಿಸುವ ಅಜ್ಜಿಯನ್ನೂ ಮೇಷ್ಟರಾಗಿಸಿದ್ದಳು. ಯಾರೂ ಬೇಡವೆನ್ನುವ ಮನುಷ್ಯನಲ್ಲೂ ಅವಳಿಗೆ ಏನೋ ಒಂದು ಬೇಕಾದದ್ದು ಕಾಣುತ್ತಿತ್ತು.

ಗುಮಾಸ್ತರು ಅಂಥ ಬೇಡವಾದವರೇ. ಮೂವತ್ತೊಂದು ವರ್ಷ ಕಚೇರಿಯ ಕಿಟಕಿಯ ಹಿಂದೆ ಕೂತು ಬಂದ ಅರ್ಜಿಗಳನ್ನು ಹಿಂದಿರುಗಿಸಿದ್ದಕ್ಕೆ ಊರು ಅವರಿಗೆ "ವಾಪಸ್ ಸಾಹೇಬ್ರು" ಎಂದು ಹೆಸರಿಟ್ಟಿತ್ತು. ಅದು ಅವರ ಕಿವಿಗೂ ಬಿದ್ದಿತ್ತು.

"ಹೋಗ್ಬನ್ನಿ," ಎಂದಳು ಮನೆಯಲ್ಲಿ ಹೆಂಡತಿ. "ಇಲ್ಲಿ ನನ್ನ ಸಾಮಾನಿನ ಚೀಟೀಲೂ ಕಾಗುಣಿತ ತಿದ್ದುತ್ತೀರಿ. ಅಲ್ಲಾದ್ರೆ ತಿದ್ದಿಸ್ಕೊಳೋಕೆ ಅಂತಲೇ ಜನ ಬರ್ತಾರೆ."

ಆ ಮೂರನೆಯ ಶನಿವಾರ ಇಪ್ಪತ್ತು ಜನ ಸೇರಿದ್ದರು. ಗುಮಾಸ್ತರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಕಪ್ಪು ಶಾಯಿ ಬಳಸಿ. ಚೌಕದ ಗೆರೆ ದಾಟಬೇಡಿ. ಬರೆಯುವ ಮೊದಲು ಕೊನೆಯ ಸಾಲಿನವರೆಗೂ ಓದಿ. ಮಾತು ಹದಕ್ಕೆ ಬರುತ್ತಿದೆ ಅನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಸಂತೆಬೀದಿಯ ಇಸ್ತ್ರಿ ಅಂಗಡಿಯವಳು.

"ನನ್ನ ಗುರುತು ಸಿಕ್ತಾ ಸಾಹೇಬ್ರೆ?"

ಸಿಗಲಿಲ್ಲ. ಆ ಕಿಟಕಿಯಿಂದ ಅವರು ಕಂಡದ್ದು ಕೈಗಳನ್ನು, ಕಾಗದಗಳನ್ನು. ಮುಖಗಳನ್ನಲ್ಲ.

"ನಲ್ಲಿ ಹಾಕಿಸ್ಕೊಡಿ ಅಂತ ಅರ್ಜಿ ಕೊಟ್ಟಿದ್ದೆ. ನಾಲ್ಕು ಸಲ ವಾಪಸ್ ಮಾಡಿದ್ರಿ. ಎಂಟು ತಿಂಗಳು ಬೀದಿ ಕೊನೆಯಿಂದ ನೀರು ಹೊತ್ತು ಊರೋರ ಬಟ್ಟೆ ಒಗೆದೆ. ಆಗ ನನ್ನ ಎರಡನೇ ಮಗಳು ಹೊಟ್ಟೇಲಿದ್ಲು. ಇವತ್ತು ಇಷ್ಟು ಚೆನ್ನಾಗಿ ಹೇಳಿಕೊಡ್ತಿದ್ದೀರಲ್ಲ, ಅವತ್ತು ಈ ನಾಲಿಗೆ ಎಲ್ಲಿಗೆ ಹೋಗಿತ್ತು?"

ಯಾರೋ ಕಿಸಕ್ಕೆಂದು ನಕ್ಕರು. ಬಾಗಿಲ ಬಳಿ ಕೂತಿದ್ದ ಗ್ರಂಥಪಾಲಕಿ ಅರ್ಧ ಎದ್ದಳು. ಗುಮಾಸ್ತರು ಅವಳತ್ತ ನೋಡಿದರು. ಅವಳು ಅವರ ಮುಖವನ್ನು ಒಂದು ಗಳಿಗೆ ಓದಿ, ಮತ್ತೆ ಕೂತುಬಿಟ್ಟಳು. "ನನ್ನ ಪಾಡಿಗೆ ನನ್ನನ್ನ ಬಿಟ್ಟಳಲ್ಲ, ಅಷ್ಟು ಮರ್ಯಾದೆಯನ್ನ ಊರಲ್ಲಿ ಇನ್ಯಾರೂ ಕೊಟ್ಟಿರಲಿಲ್ಲ" ಎಂದು ಆಮೇಲೆ ಅವರು ಹೆಂಡತಿಗೆ ಹೇಳಿದರು.

ನಿಯಮ ಇರೋದೇ ಹಾಗೆ ಎಂಬ ಮಾತು ತುಟಿಯ ತನಕ ಬಂದಿತ್ತು. ಸಾವಿರ ಸಲ ಆಡಿದ ಮಾತು, ನಿದ್ದೆಯಲ್ಲೂ ಬರುತ್ತಿತ್ತು. ಅದನ್ನು ನುಂಗಿಕೊಂಡರು.

"ಅರ್ಜೀಲಿ ನಾಲ್ಕು ತಪ್ಪಿದ್ವು, ಅಲ್ವಾ?"

"ಹೌದು. ಹೋದಾಗೆಲ್ಲ ಒಂದೊಂದು."

"ನಾಲ್ಕೂ ನನಗೆ ಮೊದಲನೇ ದಿನವೇ ಕಂಡಿರುತ್ತೆ," ಎಂದರು ಗುಮಾಸ್ತರು. "ಒಂದು ಸಲ ಕಣ್ಣಾಡಿಸಿದ್ರೆ ಸಾಕು, ನನಗೆ ಎಲ್ಲಾ ಕಾಣುತ್ತೆ. ಆದ್ರೆ ಮೊದಲನೇದನ್ನ ಮಾತ್ರ ಹೇಳಿ ಕಾಗದ ಹೊರಗೆ ತಳ್ಳುತ್ತಿದ್ದೆ. ಮಿಕ್ಕಿದ್ದನ್ನ ಹೇಳಬಾರದು ಅಂತ ಯಾವ ನಿಯಮಾನೂ ಇರಲಿಲ್ಲ."

"ಮತ್ಯಾಕೆ ಹೇಳ್ಲಿಲ್ಲ?"

ಅವರು ಮೇಜಿನ ಅಂಚನ್ನು ಹಿಡಿದುಕೊಂಡರು. "ಜನ ಮತ್ತೆ ಬರ್ತಿದ್ರು. ಕೈಕಟ್ಟಿ ನಿಲ್ತಿದ್ರು. ಮನೇಲಾಗಲಿ ಬೀದೀಲಾಗಲಿ ನನ್ನ ಮುಂದೆ ಹಾಗೆ ನಿಲ್ಲೋರು ಯಾರೂ ಇರಲಿಲ್ಲಮ್ಮ. ನನಗೆ ಅದು ರುಚಿಸ್ತಿತ್ತು. ನನ್ನದು ತಪ್ಪಾಯ್ತು."

ಎಲ್ಲರೂ ಎದ್ದು ಹೋಗುತ್ತಾರೆಂದುಕೊಂಡರು ಗುಮಾಸ್ತರು. ಇಸ್ತ್ರಿ ಅಂಗಡಿಯವಳು ಕುರ್ಚಿಗಳನ್ನು ಸರಿಸಿಕೊಂಡು ಮುಂದಕ್ಕೆ ಬಂದಳು. ಚೀಲದಿಂದ ಮಡಿಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಇಸ್ತ್ರಿ ಮಾಡಿದಂತೆ ಗರಿಗರಿಯಾಗಿತ್ತು.

"ಮಾರ್ಕೆಟ್ಟಿನ ಹೊಸ ಕಟ್ಟಡದಲ್ಲಿ ಒಂದು ಮಳಿಗೆ ಕೇಳ್ತಿದ್ದೀನಿ. ಸೋಮವಾರ ಕಡೇ ದಿನ. ಎಷ್ಟು ತಪ್ಪಿದೆ, ಎಲ್ಲಾ ಒಟ್ಟಿಗೆ ಹೇಳಿ."

ಗುಮಾಸ್ತರು ಕನ್ನಡಕ ಏರಿಸಿ ಓದಿದರು. ಒಂದೇ ನೋಟ ಸಾಕಾಗಿದ್ದರೂ ಮೂರು ಸಲ ಓದಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮೂರು. ಆರನೇ ಸಾಲಲ್ಲಿ ನಿಮ್ಮ ಹೆಸರಿರಬೇಕು, ಗಂಡನದಲ್ಲ. ಮಳಿಗೆ ನಿಮ್ಮದು ತಾನೆ? ಒಂಬತ್ತರಲ್ಲಿ ಈಗಿನ ಅಂಗಡಿಯ ವಿಳಾಸ ಬಿಟ್ಟಿದ್ದೀರಿ. ಹಿಂದುಗಡೆ ಸಹಿ ಹಾಕಿಲ್ಲ."

"ಇಷ್ಟೇನಾ? ಸೋಮವಾರ ಇನ್ನೊಂದು ಹುಟ್ಟಿಕೊಳ್ಳಲ್ಲ ತಾನೆ?"

ಈ ಸಲ ಎಲ್ಲರೂ ನಕ್ಕರು. ಗುಮಾಸ್ತರಿಗೂ ನಗು ಬಂತು.

"ಹುಟ್ಟಿಕೊಂಡ್ರೆ ನಾನೇ ನಿಮ್ಮ ಜೊತೆ ಬಂದು ಆ ಕಿಟಕಿ ಮುಂದೆ ನಿಲ್ತೀನಿ."

ಅವಳು ಕ್ಷಮಿಸಿದೆ ಎನ್ನಲಿಲ್ಲ; ಅವರು ಅದಕ್ಕಾಗಿ ಕಾಯಲೂ ಇಲ್ಲ. ಪೆನ್ನು ಕೇಳಿದಳು, ಕೊಟ್ಟರು. ಅವಳ ಬೆನ್ನ ಹಿಂದೆ ಒಬ್ಬೊಬ್ಬರೇ ಚೀಲದಿಂದ, ಜೇಬಿನಿಂದ ಕಾಗದ ತೆಗೆದು ಸಾಲಾಗಿ ನಿಲ್ಲತೊಡಗಿದರು. ಗ್ರಂಥಪಾಲಕಿ ಸದ್ದಿಲ್ಲದೆ ಒಂದು ಕುರ್ಚಿ ತಂದು ಮೇಜಿನ ಪಕ್ಕಕ್ಕಿಟ್ಟು ಹೋದಳು. ಇಸ್ತ್ರಿ ಅಂಗಡಿಯವಳು ಅದರ ಮೇಲೆ ಕೂತು, ಆರನೇ ಸಾಲಿನಲ್ಲಿ ಗಂಡನ ಹೆಸರು ಹೊಡೆದುಹಾಕಿ ತನ್ನ ಹೆಸರು ಬರೆಯತೊಡಗಿದಳು. ಅಕ್ಷರ ಅಕ್ಷರವೂ ನಿಧಾನ. ಗಾಳಿಗೆ ಕಾಗದ ಮೇಲೇಳುತ್ತಿತ್ತು. ಗುಮಾಸ್ತರು ಬಾಗಿ, ಅವಳು ಬರೆದು ಮುಗಿಸುವವರೆಗೂ ಅದರ ಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರು.