ಪಟ್ಟಿಯ ಹೊರಗಿನ ಭಾಷೆ

ವಿನೋದಾ ಸೆರಿಟೋಸ್‌ನಲ್ಲಿ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದು ಥೆರಪಿಸ್ಟ್ ಆಗಿ ಕೆಲಸ ಶುರು ಮಾಡಿ ಆರು ವರ್ಷವಾಗಿತ್ತು. ಉಡುಪಿಯಲ್ಲಿ ಹುಟ್ಟಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದವರು. ಮಕ್ಕಳು ಶಾಲೆ ಸೇರಿದ ಮೇಲೆ ತಾವೂ ಕಾಲೇಜು ಸೇರಿ, ಬೇರೆಯವರ ಕೈಕೆಳಗೆ ಮೂರು ಸಾವಿರ ಗಂಟೆ ದುಡಿದು ಲೈಸೆನ್ಸ್ ಪಡೆದಿದ್ದರು. ಅವರ ಬಳಿಗೆ ಬರುತ್ತಿದ್ದವರೆಲ್ಲ ದುಃಖವನ್ನು ಇಂಗ್ಲಿಷಿನಲ್ಲೇ ಹೇಳಿಕೊಳ್ಳುತ್ತಿದ್ದರು. ಆ ಕೋಣೆಯಲ್ಲಿ ಕನ್ನಡ ಬೇಕಾದೀತೆಂದು ಅವರೂ ಎಣಿಸಿರಲಿಲ್ಲ.

೧೯೯೬ರ ಜನವರಿಯಲ್ಲಿ ರಾಜಲಕ್ಷ್ಮಿ ಬಂದಳು. ಇಪ್ಪತ್ತೊಂಬತ್ತರ ಹೆಣ್ಣುಮಗಳು. ಗಂಡ ಉಮಾಶಂಕರ ಸ್ಯಾನ್ ಡಿಯಾಗೊದ ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್. ಸ್ಕ್ರಿಪ್ಸ್ ರ್ಯಾಂಚ್‌ನ ಮನೆಯಿಂದ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ. ಹಿಂದಿನ ಸೆಪ್ಟೆಂಬರಿನಲ್ಲಿ ಅವರ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಕೊಂಡಿತ್ತು. ಅಂದಿನಿಂದ ಅವಳು ಅಡುಗೆ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಮಾತು ಮಾತ್ರ ನಿಂತಿತ್ತು.

ಉಮಾಶಂಕರ ಮೇಲೆ ಬರಲಿಲ್ಲ. ಕಾರಿನಲ್ಲೇ ಕೂತು ಪೇಪರ್ ಓದಿದ. ಮೊದಲ ಎರಡು ಶನಿವಾರ ಅವಳು "ಚೆನ್ನಾಗಿದೀನಿ ಮೇಡಂ" ಎಂಬುದರಾಚೆ ಏನೂ ಹೇಳಲಿಲ್ಲ. ಮೂರನೆಯ ಶನಿವಾರ ವಿನೋದಾ, "ಎಂತ ಅವಸರ ಇಲ್ಲ. ಸುಮ್ಮನೆ ಕೂತ್ಕೊಂಡ್ರೂ ಆಯ್ತು" ಎಂದರು. ಅರ್ಧ ಗಂಟೆ ಕಳೆದ ಮೇಲೆ ಅವಳ ಬಾಯಿ ಬಿಚ್ಚಿತು. ಹೆರಿಗೆಯ ದಿನ ನಡೆದದ್ದೊಂದನ್ನು ಹೇಳಿದಳು. ಹೇಳಿ, "ಇವರಿಗೆ ಗೊತ್ತಿಲ್ಲ ಮೇಡಂ, ಹೇಳಬೇಡಿ" ಎಂದಳು.

"ಈ ಮಾತು ಈ ಕೋಣೆ ಬಿಟ್ಟು ಹೋಗುದಿಲ್ಲ" ಎಂದರು ವಿನೋದಾ.

ಏಪ್ರಿಲಿನಲ್ಲಿ ಉಮಾಶಂಕರನಿಗೆ ಆರೋಗ್ಯ ವಿಮಾ ಕಂಪನಿಯ ಕಾಗದ ಬಂತು. ಕಂಪನಿಯ ಪಟ್ಟಿಯಲ್ಲಿರುವ ಥೆರಪಿಸ್ಟ್ ಬಳಿ ಹೋದರೆ ಖರ್ಚು ಕಂಪನಿಯದು. ಪಟ್ಟಿಯ ಹೊರಗಿನವರ ಬಳಿ ಹೋದರೆ ಮೊದಲು ತಾವೇ ಕೊಟ್ಟು, ಬಿಲ್ ಲಗತ್ತಿಸಿ ಕ್ಲೇಮ್ ಹಾಕಬೇಕು. ಆಗ ಅರ್ಧದಷ್ಟು ಹಿಂದಿರುಗುತ್ತಿತ್ತು. ವಿನೋದಾ ಪಟ್ಟಿಯ ಹೊರಗಿನವರು. ಈಗ ಆ ಅರ್ಧವನ್ನೂ ನಿಲ್ಲಿಸುವುದಾಗಿ ಕಂಪನಿ ಬರೆದಿತ್ತು. ನಿಮ್ಮ ಮನೆಯ ಸುತ್ತಲೇ ನಮ್ಮ ಹದಿನಾಲ್ಕು ಥೆರಪಿಸ್ಟ್‌ಗಳಿರುವಾಗ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ ಎಂಬುದು ಕಾರಣ.

ಆ ವಾರದ ಶನಿವಾರ ಉಮಾಶಂಕರ ಬಾಗಿಲವರೆಗೆ ಬಂದ. "ಸಾಕು ಬಿಡಿ ಮೇಡಂ. ಲಿಸ್ಟಲ್ಲಿರೋರ ಹತ್ರಾನೇ ಹೋಗ್ತೀವಿ. ಮಾತಾಡೋದು ತಾನೇ? ಎಲ್ಲಿ ಮಾತಾಡಿದ್ರೇನು?"

ರಾಜಲಕ್ಷ್ಮಿ ನೆಲ ನೋಡುತ್ತಿದ್ದಳು.

"ಲಿಸ್ಟಲ್ಲಿ ಕನ್ನಡ ಬರುವವರು ಯಾರಿದ್ದಾರೆ?" ಎಂದು ವಿನೋದಾ ಕೇಳಿದರು.

"ಅವಳಿಗೆ ಇಂಗ್ಲಿಷ್ ಬರುತ್ತಲ್ಲ."

"ಅಂಗಡಿಗೆ ಸಾಕಾಗುವಷ್ಟು ಬರ್ತದೆ. ಇದಕ್ಕೆ ಸಾಲುದಿಲ್ಲ." ಆಮೇಲೆ ರಾಜಲಕ್ಷ್ಮಿಯ ಕಡೆ ತಿರುಗಿದರು. "ಹದಿನಾಲ್ಕು ಜನಕ್ಕೂ ಫೋನ್ ಮಾಡಿ ಕನ್ನಡ ಬರ್ತದಾ ಅಂತ ಕೇಳಿ. ಉತ್ತರ ಬರೆದಿಡಿ. ನಾನು ಮಾಡಬಹುದು, ಆದ್ರೆ ನೀವು ಮಾಡಿದ್ರೆ ಅದರ ತೂಕ ಬೇರೆ."

ಫೋನ್ ರಿಂಗಾದರೆ ಎತ್ತಲು ಹೆದರುತ್ತಿದ್ದವಳು ಅವಳು. ಆದರೂ ಮುಂದಿನ ಶನಿವಾರ ಒಂದು ನೋಟ್‌ಬುಕ್ ತಂದಳು. ಹದಿನಾಲ್ಕು ಹೆಸರು, ದಿನಾಂಕ, ಉತ್ತರ, ಎಲ್ಲವನ್ನೂ ದುಂಡಗೆ ಬರೆದಿದ್ದಳು. ಮೂವರು, ಆನ್ಸರಿಂಗ್ ಮೆಷಿನ್‌ನಲ್ಲಿ ಅವಳು ಬಿಟ್ಟ ಸಂದೇಶಕ್ಕೆ ತಿರುಗಿ ಫೋನ್ ಮಾಡಿರಲಿಲ್ಲ. ಒಬ್ಬರಿಗೆ ಸ್ಪ್ಯಾನಿಷ್ ಬರುತ್ತಿತ್ತು. ಇಬ್ಬರು ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ.

"ಒಬ್ಬರು ಮಾತ್ರ ತುಂಬಾ ಖುಷಿಯಿಂದ, ಹೌದಮ್ಮ, ನಾನು ಹುಟ್ಟಿದ್ದೇ ಟೊರಾಂಟೋದಲ್ಲಿ ಅಂದ್ರು ಮೇಡಂ. ಕೆನಡಾ ಅಂದ್ಕೊಂಡ್ರು."

ಹಾಗೆಂದು ಅವಳು ನಕ್ಕಳು. ಆ ನಗುವಿಗೆ ಅವಳೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ವಿನೋದಾ ಆ ಕೈಯನ್ನು ಮೆಲ್ಲನೆ ಕೆಳಗಿಳಿಸಿದರು.

ನೋಟ್‌ಬುಕ್ಕಿನ ಪ್ರತಿಯ ಜೊತೆ ವಿನೋದಾ ನಾಲ್ಕು ಪುಟದ ಮೇಲ್ಮನವಿ ಬರೆದರು. ಈ ರೋಗಿಗೆ ಬೇಕಾದ ಚಿಕಿತ್ಸೆ ನಿಮ್ಮ ಪಟ್ಟಿಯಲ್ಲಿ ಇಲ್ಲ. ಇಲ್ಲವೆಂದ ಮೇಲೆ ಹೊರಗಿನವರನ್ನೂ ಪಟ್ಟಿಯವರಂತೆಯೇ ಪರಿಗಣಿಸಬೇಕು ಎಂಬುದು ಅದರ ಸಾರ. ಮೂರು ವಾರದಲ್ಲಿ ತಿರಸ್ಕಾರದ ಉತ್ತರ ಬಂತು. ಕಂಪನಿಯವರು ರಾಜಲಕ್ಷ್ಮಿಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರಂತೆ, ಅವಳು ಚೆನ್ನಾಗಿದ್ದೇನೆ ಎಂದು ಇಂಗ್ಲಿಷಿನಲ್ಲೇ ಹೇಳಿದ್ದಳಂತೆ. ಆದ್ದರಿಂದ ಭಾಷೆಯ ತೊಂದರೆ ಇಲ್ಲ.

ವಿನೋದಾ ಆ ಕಾಗದ ಓದಿದರು. ಎದುರುಬದುರು ವಿಚಾರಣೆ ಬೇಕೆಂದು ಅಂದೇ ಬರೆದರು.

ಜೂನ್ ಕೊನೆಯಲ್ಲಿ ಸ್ಯಾನ್ ಡಿಯಾಗೊ ಡೌನ್‌ಟೌನಿನ ಹತ್ತನೇ ಮಹಡಿಯಲ್ಲಿ ವಿಚಾರಣೆ ನಡೆಯಿತು. ಮೇಜಿನ ಆಚೆ ಕಂಪನಿಯ ಇಬ್ಬರು ಅಧಿಕಾರಿಗಳು, ನಡುವೆ ತೀರ್ಪು ಕೊಡಬೇಕಾದ, ಬಿಳಿಗೂದಲಿನ ಒಬ್ಬ ಮಹಿಳಾ ಡಾಕ್ಟರ್. ಈಚೆ ವಿನೋದಾ, ರಾಜಲಕ್ಷ್ಮಿ, ರಜೆ ಹಾಕಿ ಬಂದಿದ್ದ ಉಮಾಶಂಕರ. ವಿನೋದಾ ಹತ್ತು ನಿಮಿಷ ಮಾತಾಡಿದರು. ಅಧಿಕಾರಿಯೊಬ್ಬ ಗಡಿಯಾರ ನೋಡಿಕೊಂಡ. ಡಾಕ್ಟರ್ ಮಾತ್ರ ರಾಜಲಕ್ಷ್ಮಿಯನ್ನೇ ನೋಡಿ, ನೀವು ಏನಾದರೂ ಹೇಳುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ರಾಜಲಕ್ಷ್ಮಿ ಎದ್ದು ನಿಂತಳು. ಕನ್ನಡದಲ್ಲಿ ಹೇಳತೊಡಗಿದಳು.

"ಅವತ್ತು ನರ್ಸ್ ಪಾಪೂನ ಬಿಳೀ ಬಟ್ಟೇಲಿ ಸುತ್ತಿ ತಂದ್ಲು. ಬೇಗ ಬೇಗ ಏನೋ ಕೇಳಿದ್ಲು. ನಂಗೆ ಅರ್ಥ ಆಗ್ಲಿಲ್ಲ. ಯಾರು ಏನು ಕೇಳಿದ್ರೂ ನಂಗೆ ಬರ್ತಿದ್ದಿದ್ದು ಒಂದೇ ಮಾತು, ನೋ ಥ್ಯಾಂಕ್ಯೂ. ಅಂಗಡೀಲಿ ಚೀಲ ಬೇಕಾ ಅಂದ್ರೂ ಅದೇ. ಅದನ್ನೇ ಹೇಳ್ದೆ. ಅವಳು ಪಾಪೂನ ತಗೊಂಡು ಹೋಗ್ಬಿಟ್ಲು. ಎತ್ಕೋತೀಯಾ ಅಂತ ಕೇಳಿದ್ಲು ಅಂತ ನಂಗೆ ಗೊತ್ತಾಗಿದ್ದು ಸಂಜೆ, ಇನ್ನೊಬ್ಬ ನರ್ಸ್ ಕೈಸನ್ನೇಲಿ ತೋರಿಸ್ದಾಗ. ಇವರು ಬೆಂಗಳೂರಿಗೆ ಫೋನ್ ಮಾಡೋಕೆ ಹೊರಗೆ ಹೋಗಿದ್ರು. ಬಂದು, ಮಗು ಎಲ್ಲಿ ಅಂದ್ರು. ತಗೊಂಡು ಹೋದ್ರು ಅಂದೆ. ಬೇಡ ಅಂದಿದ್ದು ನಾನೇ ಅಂತ ಇವತ್ತಿನವರೆಗೂ ಹೇಳಿಲ್ಲ."

ಇಷ್ಟು ಹೇಳಿ ನಿಲ್ಲಿಸಿದಳು. ಆಮೇಲೆ ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿಕೊಂಡು, "ನನ್ನ ಕಷ್ಟ ಹೇಳಿದೆ. ಈಗ ನಿಮ್ಮಲ್ಲಿ ಯಾರಾದರೂ ನನಗೆ ಸಮಾಧಾನ ಹೇಳಿ" ಎಂದಳು.

ಗಡಿಯಾರ ನೋಡಿದ್ದ ಅಧಿಕಾರಿ ಉಮಾಶಂಕರನ ಕಡೆ ತಿರುಗಿ, ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತೀರಾ ಎಂದು ಕೇಳಿದ. ಉಮಾಶಂಕರ ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹರಿಸುವ ಮನುಷ್ಯ. ಬಾಯಿ ತೆರೆದ. "ಶಿ ಈಸ್ ಸೇಯಿಂಗ್..." ಎಂದ. ಮತ್ತೊಮ್ಮೆ ಅದನ್ನೇ ಅಂದ. ಮುಂದಕ್ಕೆ ಒಂದು ಪದವೂ ಬರಲಿಲ್ಲ. ಹೆಂಡತಿಯ ಕೈ ಹಿಡಿದು, "ನಂಗ್ಯಾಕೆ ಹೇಳಲಿಲ್ಲ ರಾಜಿ?" ಎಂದು ಅಳತೊಡಗಿದ.

ಡಾಕ್ಟರ್ ತಮ್ಮ ಮುಂದಿದ್ದ ಫೈಲನ್ನು ಮುಚ್ಚಿದರು. "ನನಗೆ ಅರ್ಥವಾಯಿತು" ಎಂದರು. ಕೂಡಲೇ ತಿದ್ದಿಕೊಂಡು, "ಇಲ್ಲ, ಅರ್ಥವಾಗಲಿಲ್ಲ. ಅದೇ ನಿಮ್ಮ ವಾದ ಅಲ್ಲವೇ?" ಎಂದರು.

ತೀರ್ಪು ಜುಲೈ ಎರಡನೇ ವಾರ ಬಂತು. ವಿನೋದಾರನ್ನು ಪಟ್ಟಿಯವರಂತೆಯೇ ಪರಿಗಣಿಸಲಾಗುವುದು, ಮೊದಲ ಶನಿವಾರದಿಂದಲೇ. ಚಿಕಿತ್ಸೆ ಎಷ್ಟು ಕಾಲ ಬೇಕೋ ಅಷ್ಟು ಕಾಲ. ರಾಜಲಕ್ಷ್ಮಿ ಫೋನಿನಲ್ಲಿ "ಗೆದ್ವಿ ಮೇಡಂ, ಗೆದ್ವಿ!" ಎಂದು ಕೂಗಿದಳು. ವಿನೋದಾ ಕುರ್ಚಿಯಿಂದ ಎದ್ದು ಅದೆಂಥಾ ಕೇಕೆ ಹಾಕಿದರೆಂದರೆ ಕೆಳಗಿನ ದಂತವೈದ್ಯರು ಯಾರಿಗೆ ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬಂದರು.

ಆ ಶನಿವಾರ ಉಮಾಶಂಕರ ಕಾರಿನಲ್ಲಿ ಕೂರಲಿಲ್ಲ. ಮೇಲೆ ಬಂದು ಹೆಂಡತಿಯ ಪಕ್ಕ ಕೂತ. "ಅವತ್ತು ಫೋನ್ ಆಮೇಲೆ ಮಾಡಬಹುದಿತ್ತು" ಎಂದು ಶುರುಮಾಡಿದ. ಗಂಟೆ ಮುಗಿದರೂ ವಿನೋದಾ ಅವರನ್ನು ಎಬ್ಬಿಸಲಿಲ್ಲ.

ಸುದ್ದಿ ಹರಡಿತು. ಲಾಸ್ ಏಂಜಲಿಸ್‌ನ ಕೊರಿಯನ್ ಥೆರಪಿಸ್ಟ್ ಒಬ್ಬರು ಫೋನ್ ಮಾಡಿ, ತಮ್ಮ ಬಳಿ ಬರುವ ಹಿರಿಯರಿಗೂ ಇದೇ ಪಾಡು, ಆ ಮೇಲ್ಮನವಿಯ ನಕಲು ಸಿಗಬಹುದೇ ಎಂದು ಕೇಳಿದರು. ವಿನೋದಾ ರಾಜಲಕ್ಷ್ಮಿಯ ಒಪ್ಪಿಗೆ ಕೇಳಿದರು. "ನಿಮ್ಮ ಹೆಸರು, ವಿವರ ಎಲ್ಲಾ ತೆಗೆದೇ ಕಳಿಸ್ತೇನೆ" ಎಂದರು.

"ಕಾಗದ ಮಾತ್ರ ಸಾಲಲ್ಲ ಮೇಡಂ. ಲಿಸ್ಟಲ್ಲಿರೋರಿಗೆ ಫೋನ್ ಮಾಡೋದು ಹೇಗೆ ಅಂತ ಯಾರಾದ್ರೂ ಹೇಳ್ಕೊಡಬೇಕಲ್ಲ. ನಾನೇ ಹೋಗ್ತೀನಿ."

ಅಕ್ಟೋಬರಿನ ಒಂದು ಭಾನುವಾರ ಲಾಸ್ ಏಂಜಲಿಸ್‌ನ ಚರ್ಚ್ ಹಾಲ್ ಒಂದರಲ್ಲಿ ನಲವತ್ತು ಮಂದಿ ಕೊರಿಯನ್ನರ ಎದುರು ಅವಳು ನಿಂತಳು. ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುತ್ತಾ ಹೋದಳು. ಥೆರಪಿಸ್ಟ್ ಒಂದೊಂದನ್ನೂ ಕೊರಿಯನ್ ಭಾಷೆಗೆ ತಿರುಗಿಸಿದರು. ಮುದುಕಿಯೊಬ್ಬರು ಕೈಯೆತ್ತಿ ಏನೋ ಕೇಳಿದರು. ಇಂಗ್ಲಿಷಿಗೆ ಬಂದ ಆ ಪ್ರಶ್ನೆ ರಾಜಲಕ್ಷ್ಮಿಗೆ ತಿಳಿಯಲಿಲ್ಲ. "ನಿಧಾನವಾಗಿ ಹೇಳಿ" ಎಂದಳು. ಎರಡನೇ ಸಲವೂ ತಿಳಿಯಲಿಲ್ಲ. "ಇನ್ನೊಂದು ಸಲ" ಎಂದಳು, ಯಾವ ಸಂಕೋಚವೂ ಇಲ್ಲದೆ. ಮೂರನೆಯ ಸಲ ತಿಳಿಯಿತು.

ಅವಳು ಮುದುಕಿಯ ಪಕ್ಕದ ಕುರ್ಚಿಗೆ ಹೋಗಿ ಕೂತು ಉತ್ತರ ಹೇಳತೊಡಗಿದಳು.